ಮತ್ತು ಸಂಗಡಿಗರು

ಅಡುಗೆಮನೆಯ ರೇಡಿಯೋ ಕೆಟ್ಟು ಎಂಟು ದಿನವಾದರೂ ನಮ್ಮ ಮನೆಯಲ್ಲಿ ನನ್ನ ಹೊರತು ಯಾರಿಗೂ ಅದರ ಪರಿವೆಯೇ ಇರಲಿಲ್ಲ. ಒಂಬತ್ತನೆಯ ದಿನ ಶನಿವಾರ. ಬೆಳಗಿನ ಶಾಲೆ ಮುಗಿಸಿಕೊಂಡು ಬಂದವಳೇ ಅದನ್ನು ಬಟ್ಟೆಚೀಲಕ್ಕೆ ಹಾಕಿಕೊಂಡು ಟಿ. ದಾಸರಹಳ್ಳಿಯ ಮುಖ್ಯರಸ್ತೆಗೆ ಹೋದೆ. ಮೂರು ಅಂಗಡಿಯವರು ಅದನ್ನು ಕೈಯಿಂದ ಮುಟ್ಟಲೂ ಇಲ್ಲ. ನಾಲ್ಕನೆಯ ಅಂಗಡಿಯ ಹುಡುಗ ಯಾವಾಗಲೋ ನನ್ನ ತರಗತಿಯಲ್ಲಿ ಕೂತಿದ್ದವನಂತೆ, ಆ ಮುಲಾಜಿಗೆ ಬಿಚ್ಚಿ ನೋಡಿದ. "ಬ್ಯಾಂಡ್ ಸ್ವಿಚ್ ಹೋಗಿದೆ ಮೇಡಂ, ಮಾಡಿಕೊಡ್ತೀನಿ. ಆದ್ರೆ ಇನ್ನೂ ಯಾಕೆ ಇದು? ಮೊಬೈಲಲ್ಲೇ ಎಲ್ಲಾ ಬರುತ್ತಲ್ಲ" ಅಂದ.

ಹುಡುಗ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಆ 'ಎಲ್ಲಾ' ಅನ್ನುವ ಮಾತು ಮನೆಗೆ ಬರುವವರೆಗೂ ಕಾಲಿಗೆ ಸಿಕ್ಕಿದ ಮುಳ್ಳಿನ ಹಾಗೆ ಚುಚ್ಚುತ್ತಲೇ ಇತ್ತು. ಎಲ್ಲಾ ಬರುತ್ತದೆಯೇ? ನನ್ನ ಅವ್ವ ಬೀಸುವಾಗ ಹಾಡುತ್ತಿದ್ದ ಪದ ಬರುತ್ತದೆಯೇ? ಬರುವುದಿಲ್ಲ. ಬಾರದೆ ಹೋದದ್ದಕ್ಕೆ ಕಾಲವನ್ನು ಬೈದರೆ ಪ್ರಯೋಜನವಿಲ್ಲ. ಅದಕ್ಕೆ ಕಾರಣರಾದವರಿದ್ದಾರೆ. ಅವರಲ್ಲಿ ನಾನೂ ಒಬ್ಬಳು, ಓದುತ್ತಿರುವ ನೀವೂ ಒಬ್ಬರು. ಅದನ್ನು ಜಗಳ ಮಾಡಿಯೇ ಹೇಳಬೇಕೆಂದು ಈ ಬರಹ.

ನಮ್ಮೂರು ಶಿರಾ ಕಡೆಯ ಒಂದು ಹಳ್ಳಿ. ನಾನು ಏಳನೇ ತರಗತಿಯಲ್ಲಿದ್ದಾಗ ಅವ್ವ ಮತ್ತು ಇನ್ನೂ ನಾಲ್ವರು ಹೆಂಗಸರನ್ನು ಆಕಾಶವಾಣಿಯ ಒಂದು ಕೇಂದ್ರಕ್ಕೆ ಹಾಡಲು ಕರೆದುಕೊಂಡು ಹೋದರು. ಯಾವ ಕೇಂದ್ರ ಎಂದು ಬರೆಯುವುದಿಲ್ಲ. ಆಗ ಅಲ್ಲಿದ್ದವರು ಈಗಿಲ್ಲ, ಸುಮ್ಮನೆ ಕಟ್ಟಡವನ್ನು ಬೈದು ಏನು ಬಂತು. ಐವರೂ ಮದುವೆಯ ಸೀರೆಗಳನ್ನು ಪೆಟ್ಟಿಗೆಯಿಂದ ತೆಗೆದು ಉಟ್ಟುಕೊಂಡಿದ್ದರು. ರೇಡಿಯೋದಲ್ಲಿ ಸೀರೆ ಕಾಣುವುದಿಲ್ಲವೆಂದು ನಾನು ನಕ್ಕಿದ್ದಕ್ಕೆ ಅವ್ವ, "ಹಾಡಿಗೆ ಗೊತ್ತಾಗ್ತದೆ ಸುಮ್ಕಿರು" ಅಂದಿದ್ದಳು.

ಅಲ್ಲಿ ನಡೆದದ್ದನ್ನು ಅವ್ವ ನೂರು ಸಲ ಹೇಳಿದ್ದಾಳೆ. ಒಳಗೆ ತಣ್ಣಗೆ ಕೊರೆಯುವ ಚಳಿಯಂತೆ. ಮೊದಲು ಬಂದ ಮಾತು, ಬಳೆ ತೆಗೆಯಿರಿ, ಸದ್ದಾಗುತ್ತದೆ ಎಂದು. ಮುತ್ತೈದೆಯರು ಬಳೆ ತೆಗೆಯುವುದೆಂದರೇನು! ಐವರೂ ಎದ್ದು ನಿಂತುಬಿಟ್ಟರಂತೆ. ಕೊನೆಗೆ ಯಾರೋ ಟವೆಲು ತಂದು ಹರಿದು ಕೈಗಳಿಗೆ ಸುತ್ತಿದರು. ಎರಡನೆಯದು, ಬೀಸುವ ಕಲ್ಲಿಲ್ಲದೆ ಬೀಸುವ ಪದ ಹಾಡಬೇಕು. ಕಲ್ಲಿನ ಸುತ್ತು ಕೈಯಲ್ಲಿದ್ದರೆ ಉಸಿರು ಎಲ್ಲಿ ಬಿಡಬೇಕು, ಎಲ್ಲಿ ಹಿಡಿಯಬೇಕು ಎಂಬುದು ತಾನಾಗಿ ಬರುತ್ತದೆ. ಕಲ್ಲಿಲ್ಲ, ಜೊತೆಗೆ ಪಕ್ಕದಲ್ಲಿ ಹಾರ್ಮೋನಿಯಂ, ತಬಲ. ಅವ್ವನ ಹಾಡು ಒಂದು ಪಲ್ಲದ ರಾಗಿಯಷ್ಟು ಉದ್ದ, ಅವರು ಕೊಟ್ಟದ್ದು ಏಳು ನಿಮಿಷ. ತವರಿಗೆ ಹೊರಟ ಹೆಣ್ಣುಮಗಳು ಹಾಡಿನಲ್ಲಿ ಇನ್ನೂ ಹೊಸಿಲು ದಾಟಿರಲಿಲ್ಲ, ಕೆಂಪು ದೀಪ ಆರಿಹೋಯಿತು.

ಆಮೇಲೆ ಪ್ರಸಾರದ ದಿನ. ಶ್ಯಾನುಭೋಗರ ಮನೆಯ ಜಗಲಿಯಲ್ಲಿ ಊರಿಗೆ ಊರೇ ಕೂತಿತ್ತು. ಉದ್ಘೋಷಕರು ಸ್ವಚ್ಛ ಕನ್ನಡದಲ್ಲಿ ಹೇಳಿದರು: ಶ್ರೀ ಇಂಥವರು ಮತ್ತು ಸಂಗಡಿಗರಿಂದ ಜಾನಪದ ಗೀತೆಗಳು. ಆ ಶ್ರೀಯವರು ನಮ್ಮ ಹೆಂಗಸರನ್ನು ಬಸ್ಸು ಹತ್ತಿಸಿಕೊಂಡು ಹೋದ ಗಂಡಸು, ಹಾಡಿನಲ್ಲಿ ಒಂದು ಸೊಲ್ಲೂ ಅವರದಿರಲಿಲ್ಲ. ಕರಾರು ಪತ್ರ ಅವರ ಹೆಸರಿಗೆ, ಚೆಕ್ಕು ಅವರ ಹೆಸರಿಗೆ. ಅಡುಗೆ ಮಾಡಿದವಳನ್ನು ಒಳಗೇ ಬಿಟ್ಟು ಬಡಿಸಿದವನನ್ನು ಹೊಗಳಿದ ಹಾಗೆ. ಅವ್ವ ಏನೂ ಅನ್ನಲಿಲ್ಲ. ಮನೆಗೆ ಬಂದು ಕೈಗೆ ಸುತ್ತಿದ್ದ ಆ ಟವೆಲಿನ ಚೂರನ್ನು ಒಲೆಯ ಮಸಿಬಟ್ಟೆ ಮಾಡಿದಳು.

ಈಗ ಸ್ವಲ್ಪ ಹಿಂದಿನ ಕಥೆ ಹೇಳಬೇಕು, ಇಲ್ಲದಿದ್ದರೆ ನಾನು ಅವ್ವನ ದುಃಖವನ್ನೇ ದೊಡ್ಡದು ಮಾಡುತ್ತಿದ್ದೇನೆ ಎಂದುಕೊಳ್ಳುತ್ತೀರಿ. ನಮ್ಮ ನಾಡಿನಲ್ಲಿ ರೇಡಿಯೋ ಹುಟ್ಟಿದ್ದು ಒಬ್ಬ ಮೇಷ್ಟರ ಮನೆಯಲ್ಲಿ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರಿನಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲಿ 30 ವ್ಯಾಟಿನ ಟ್ರಾನ್ಸ್‌ಮಿಟರು ಇಟ್ಟುಕೊಂಡು ಪ್ರಸಾರ ಶುರುಮಾಡಿದರು. ಮೂವತ್ತು ವ್ಯಾಟು! ನಿಮ್ಮ ಮನೆಯ ಬಚ್ಚಲಿನ ಹಳೇ ಬಲ್ಬು ಅದಕ್ಕಿಂತ ಜಾಸ್ತಿ ಉರಿಯುತ್ತಿತ್ತು. 'ಆಕಾಶವಾಣಿ' ಎಂಬ ಹೆಸರು ಆ ಮನೆಯ ಕೇಂದ್ರದ್ದು. ದೇಶದ ರೇಡಿಯೋ ಅದನ್ನು ತನ್ನದಾಗಿ ಮಾಡಿಕೊಂಡದ್ದು ಆಮೇಲೆ. 1950ರಲ್ಲಿ ಧಾರವಾಡ ಕೇಂದ್ರ ಬಂತು. 1955ರ ನವೆಂಬರಿನಲ್ಲಿ ಮೈಸೂರಿನ ಕೇಂದ್ರ ಬೆಂಗಳೂರಿಗೆ ಬಂತು. 1965ರಲ್ಲಿ ಭದ್ರಾವತಿ, ಮರುವರ್ಷ ಕಲಬುರಗಿ, 1976ರಲ್ಲಿ ಮಂಗಳೂರು.

ಇವುಗಳಲ್ಲಿ ಭದ್ರಾವತಿಯ ಮೇಲೆ ನನಗೆ ವಿಶೇಷ ಅಕ್ಕರೆ. ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆ ಇದ್ದ ಒಂದು ಸಣ್ಣ ಪಟ್ಟಣ. ರಾಜಧಾನಿಯಲ್ಲ, ಜಿಲ್ಲಾ ಕೇಂದ್ರವೂ ಅಲ್ಲ. ಅಂಥಲ್ಲಿಗೆ ಒಂದು ಕೇಂದ್ರ ಬಂದದ್ದರಿಂದ ಮಲೆನಾಡಿನ, ಬಯಲುಸೀಮೆಯ ಹಳ್ಳಿಯವರಿಗೆ ರೇಡಿಯೋ ಎಂದರೆ ಬಸ್ಸಿನಲ್ಲಿ ಹೋಗಿ ನೋಡಿಕೊಂಡು ಬರಬಹುದಾದ ಜಾಗವಾಯಿತು. 675ರ ಮೇಲೆ ಮುಳ್ಳು ನಿಲ್ಲಿಸಿದರೆ ನಮ್ಮೂರಿಗೂ ಕೇಳುತ್ತಿತ್ತು. ಮಾತಾಡುವವರ ಕನ್ನಡದಲ್ಲಿ ಶಿವಮೊಗ್ಗ, ಚಿತ್ರದುರ್ಗದ ವಾಸನೆ ಇರುತ್ತಿತ್ತು. ಬೆಂಗಳೂರಿನ ಗ್ರಾಮೀಣ ಕಾರ್ಯಕ್ರಮದ ಈರಣ್ಣನಂತೂ, ಅಂದರೆ ಎ.ಎಸ್. ಮೂರ್ತಿಯವರು, ಹಳ್ಳಿಯವರಿಗೆ ಮನೆಯವರ ಹಾಗೆ. ಜ್ಯೋತ್ಸ್ನಾ ಕಾಮತರಂಥ ಹೆಂಗಸರು ಅದೇ ಆಕಾಶವಾಣಿಯಲ್ಲಿ ದುಡಿದು ನಿರ್ದೇಶಕಿಯ ಕುರ್ಚಿಯವರೆಗೆ ಹೋದರು. ಆಕಾಶವಾಣಿ ಇಲ್ಲದಿದ್ದರೆ ಒಂದು ಸೋಬಾನೆ ಪದ ಇನ್ನೊಂದು ತಾಲ್ಲೂಕಿನವರ ಕಿವಿಗೆ ಬೀಳುತ್ತಲೇ ಇರಲಿಲ್ಲ. ಆ ಋಣವನ್ನು ನಾನು ಅಲ್ಲಗಳೆಯುವವಳಲ್ಲ.

ಆದರೆ ಋಣದ ಜೊತೆಗೆ ಲೆಕ್ಕವೂ ಇರಬೇಕಲ್ಲ. ನಮ್ಮ ಹಳ್ಳಿಯ ಹಾಡಿಗೆ ರೇಡಿಯೋ ಕೊಟ್ಟದ್ದು ಎಲೆಯ ತುದಿಯ ಉಪ್ಪಿನಕಾಯಿಯ ಜಾಗ. ಶಾಸ್ತ್ರೀಯ ಸಂಗೀತ ಅನ್ನ, ಚಿತ್ರಗೀತೆ ಹೋಳಿಗೆ, ಭಾವಗೀತೆ ಪಲ್ಯ. ಜನಪದಕ್ಕೆ ಕಾಲು ಗಂಟೆ, ಅದೂ ರೈತರ ಕಾರ್ಯಕ್ರಮದ ಬೆನ್ನಿಗೆ, ಗೊಬ್ಬರದ ಮಾತು ಮುಗಿದ ಮೇಲೆ. ಹಾಡುವವರಿಗೆ ಧ್ವನಿ ಪರೀಕ್ಷೆ, ಬಿ, ಬಿ-ಹೈ, ಎ ಎಂಬ ದರ್ಜೆ. ಶ್ರುತಿಪೆಟ್ಟಿಗೆಗೆ ಹೊಂದದ ಗಂಟಲಿಗೆ ಅಂಕ ಹಾಕುವುದು ಹೇಗೆ? ನಾನು ಮೂವತ್ತು ವರ್ಷ ಅಂಕ ಹಾಕಿದವಳು, ಅಂಕಪಟ್ಟಿಗೆ ಹೊಂದದ್ದನ್ನೆಲ್ಲ ಕಡಿಮೆ ಎಂದು ಬರೆದುಬಿಡುವ ಸೋಮಾರಿತನ ನನಗೆ ಚೆನ್ನಾಗಿ ಗೊತ್ತು.

ಯಾವುದು ಸಂಗೀತ, ಯಾವುದು ಅಲ್ಲ ಎಂದು ಮೇಲೆ ಕೂತವರು ತೀರ್ಮಾನಿಸುವ ಚಾಳಿ ಈ ರೇಡಿಯೋಕ್ಕೆ ಹಳೆಯದು. ಹಾರ್ಮೋನಿಯಂ ನಮ್ಮದಲ್ಲ ಎಂದು 1940ರಲ್ಲಿ ಅದನ್ನೇ ಹೊರಗೆ ಹಾಕಿದ್ದರು, ಮತ್ತೆ ಒಳಗೆ ಬಿಟ್ಟದ್ದು 1971ರ ಹೊತ್ತಿಗೆ. (ಬಂದದ್ದೇ ತಡ, ಅವ್ವನ ಬೀಸುವ ಪದಕ್ಕೂ ಅದನ್ನೇ ಜೊತೆ ಮಾಡಿದರು. ಇದಕ್ಕೆ ನಗಬೇಕೋ ಅಳಬೇಕೋ.) 1952ರಲ್ಲಿ ಸಚಿವರಾದ ಬಿ.ವಿ. ಕೇಸ್ಕರ್ ಅವರು ಚಿತ್ರಗೀತೆ ಕೇಳಿದರೆ ಜನ ಕೆಡುತ್ತಾರೆಂದು ಅದಕ್ಕೂ ಬಾಗಿಲು ಹಾಕಿಸಿದರು. ಜನ ಏನು ಮಾಡಿದರು? ಮೆರವಣಿಗೆ ಮಾಡಲಿಲ್ಲ, ಮನವಿ ಕೊಡಲಿಲ್ಲ. ಮುಳ್ಳು ತಿರುಗಿಸಿ ರೇಡಿಯೋ ಸಿಲೋನಿಗೆ ಇಟ್ಟರು. ಐದು ವರ್ಷಕ್ಕೆ ದೆಹಲಿ ಸೋತು, 1957ರ ಅಕ್ಟೋಬರಿನಲ್ಲಿ ವಿವಿಧ ಭಾರತಿ ಹುಟ್ಟಿತು. ಕೇಳುಗರ ಎರಡು ಬೆರಳಿಗೆ ಅಷ್ಟು ಶಕ್ತಿ ಇತ್ತು.

ಈಗ ನನ್ನ ಪ್ರಶ್ನೆ. ಹಳ್ಳಿಯ ಹಾಡಿಗಾಗಿ ಯಾರಾದರೂ ಮುಳ್ಳು ತಿರುಗಿಸಿದರೇ? ಇಲ್ಲ. ನಾವೇ ತಿರುಗಿಸಲಿಲ್ಲ. ಹಳ್ಳಿಯಿಂದ ಪಟ್ಟಣಕ್ಕೆ ಮದುವೆಯಾಗಿ ಬಂದು, ಗ್ಯಾಸ್ ಒಲೆ, ಮಿಕ್ಸಿ ಇಟ್ಟುಕೊಂಡ ನಾವು, ಜಾನಪದ ಗೀತೆಗಳು ಎಂಬ ಮಾತು ಕಿವಿಗೆ ಬಿದ್ದ ತಕ್ಷಣ ಚಿತ್ರಗೀತೆಗೆ ತಿರುಗಿಸಿದವರು. ನಾನೇ ತಿರುಗಿಸಿದ್ದೇನೆ. ಬಿ.ಇಡಿ. ಓದುವಾಗ ಹಾಸ್ಟೆಲಿನಲ್ಲಿ, ನನ್ನ ಊರು ಯಾವುದೆಂದು ಆ ಹಾಡಿನಿಂದ ಗೊತ್ತಾಗಿಬಿಟ್ಟೀತು ಎಂಬ ಸಂಕೋಚಕ್ಕೆ. ಈ ಮಾತನ್ನು ಅವ್ವನಿಗೆ ನಾನು ಕೊನೆಯವರೆಗೂ ಹೇಳಲಿಲ್ಲ.

ಎಪ್ಪತ್ತು ಎಂಬತ್ತರ ಕಥೆ ಬಿಡಿ ಎನ್ನುವವರಿಗೆ ಈಚಿನದನ್ನೇ ಹೇಳುತ್ತೇನೆ. 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಗಾಳಿಯ ಅಲೆಗಳು ಸಾರ್ವಜನಿಕರ ಸ್ವತ್ತು ಎಂದಿತು. ಗೋಮಾಳ ಊರಿನದು ಎನ್ನುವ ಹಾಗೆ. ಆಮೇಲೆ ಆ ಗೋಮಾಳಕ್ಕೆ ಮೊದಲು ಯಾರನ್ನು ಬಿಟ್ಟರು? ದುಡ್ಡಿದ್ದವರನ್ನು. 2001ರ ಜುಲೈ 3ರಂದು ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ, ರೇಡಿಯೋ ಸಿಟಿ, ನಮ್ಮ ಬೆಂಗಳೂರಿನಲ್ಲೇ ಶುರುವಾಯಿತು. ಅದರ ಹಿಂದೆ ಸಾಲುಗಟ್ಟಿ ಬಂದವುಗಳ ಬಂಡವಾಳವೂ ಮುಖ್ಯವಾಗಿ ಸಿನಿಮಾ ಹಾಡೇ. ಅವರು ವ್ಯಾಪಾರಿಗಳು, ಅವರನ್ನು ಬೈಯಲು ನನಗೆ ಹುಮ್ಮಸ್ಸಿಲ್ಲ.

ಅದೇ ಹೊತ್ತಿಗೆ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಏನಾಯಿತು ನೋಡಿ. ಹೈದರಾಲಿ ಹುಟ್ಟಿದ ಊರು ಅದು. ಅಲ್ಲಿನ ಹೆಂಗಸರ ಸ್ವಸಹಾಯ ಸಂಘಗಳು ಮೈರಾಡ ಮತ್ತು ವಾಯ್ಸಸ್ ಸಂಸ್ಥೆಗಳ ನೆರವಿನಿಂದ 'ನಮ್ಮ ಧ್ವನಿ' ಎಂಬ ತಮ್ಮದೇ ರೇಡಿಯೋ ಕಟ್ಟಲು ಹೊರಟವು. ಮೈಕು ಬಂತು, ಹಾಡುವವರು, ಮಾತಾಡುವವರು ಊರಲ್ಲೇ ಇದ್ದರು. ಇಲ್ಲದ್ದು ಒಂದೇ, ಗಾಳಿಯಲ್ಲಿ ಬಿಡಲು ಸರ್ಕಾರದ ಅಪ್ಪಣೆ. 2002ರ ಕೊನೆಯಲ್ಲಿ ಕೊಟ್ಟ ಅಪ್ಪಣೆ ವಿದ್ಯಾಸಂಸ್ಥೆಗಳಿಗೆ ಮಾತ್ರ. ಈ ಹೆಂಗಸರು ಅತ್ತು ಕೂರಲಿಲ್ಲ. 2003ರಲ್ಲಿ ಕೇಬಲ್ ಟಿವಿಯ ತಂತಿಯೊಳಗೇ ತಮ್ಮ ದನಿ ತೂರಿಸಿ ಮನೆಮನೆಗೆ ಕಳಿಸಿದರು. ಗಾಳಿ ಸಾರ್ವಜನಿಕರದು ಎಂದು ಕೋರ್ಟು ಹೇಳಿ ಎಂಟು ವರ್ಷವಾಗಿತ್ತು. ಹಳ್ಳಿಯ ಹೆಂಗಸರು ಮಾತ್ರ ತಂತಿಯಲ್ಲೇ ಮಾತಾಡಬೇಕಾಗಿತ್ತು! ಸಂಘ ಸಂಸ್ಥೆಗಳಿಗೆ ಗಾಳಿಯ ಅಪ್ಪಣೆ ಸಿಕ್ಕಿದ್ದು 2006ರ ನವೆಂಬರಿನಲ್ಲಿ. ಆಮೇಲೆ ಸರಗೂರಿನ ಜನಧ್ವನಿ, ಮಂಗಳೂರಿನ ಸಾರಂಗ್ ಹೀಗೆ ಕೆಲವು ಬಂದವು.

ಈ ಸಮುದಾಯ ರೇಡಿಯೋಗಳಿಗೆ ಸಿಗುವ ಶಕ್ತಿ ಸಾಮಾನ್ಯವಾಗಿ 50 ವ್ಯಾಟು. ಹತ್ತು ಹದಿನೈದು ಕಿಲೋಮೀಟರು ದಾಟುವುದಿಲ್ಲ. ನಮ್ಮ ದಾಸರಹಳ್ಳಿಯಿಂದ ಅಷ್ಟೇ ದೂರದ ಯಲಹಂಕದಲ್ಲಿ ದೂರದೇಶಗಳಿಗೆ ದನಿ ಕಳಿಸಲೆಂದು 1994ರಲ್ಲಿ ಹಾಕಿದ ಶಾರ್ಟ್‌ವೇವ್ ಟ್ರಾನ್ಸ್‌ಮಿಟರುಗಳು ಒಂದೊಂದೂ 500 ಕಿಲೋವಾಟಿನವು. ಮಕ್ಕಳಿಗೆ ಈ ಲೆಕ್ಕ ಕೊಟ್ಟೆ: ಒಂದು ಇನ್ನೊಂದರ ಎಷ್ಟು ಪಟ್ಟು? ಹಿಂದಿನ ಬೆಂಚಿನ ಹುಡುಗನೂ ಹೇಳಿದ, ಹತ್ತು ಸಾವಿರ ಪಟ್ಟು. ಸಮುದ್ರದಾಚೆಗೆ ಕೂಗಲು ಹತ್ತು ಸಾವಿರ, ಪಕ್ಕದ ಊರಿಗೆ ಹಾಡಲು ಒಂದು.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕೆರಳಿಸುತ್ತದೆ. ಬೆಂಗಳೂರಿನಲ್ಲಿ ಶಾಸ್ತ್ರೀಯ ಸಂಗೀತಕ್ಕೇ ಎಂದು 'ಅಮೃತವರ್ಷಿಣಿ' ಎಂಬ ವಾಹಿನಿ ಮಾಡಿದರು. 2016ರ ಗಣರಾಜ್ಯೋತ್ಸವದ ದಿನ 'ರಾಗಂ' ಎಂದು ದಿನದ ಇಪ್ಪತ್ನಾಲ್ಕು ಗಂಟೆಯೂ ಶಾಸ್ತ್ರೀಯ ಸಂಗೀತ ಕೇಳಿಸುವ ವಾಹಿನಿಯನ್ನು ಇದೇ ಬೆಂಗಳೂರಿನಿಂದ ಆರಂಭಿಸಿದರು. ಬಹಳ ಸಂತೋಷ. ಬೆಳಗಿನ ತೋಡಿ, ಭೈರವಿ ನಾನೂ ಕೇಳುತ್ತೇನೆ. ಆದರೆ ಹಾಗೆಯೇ ಒಂದು ವಾಹಿನಿ ಹಳ್ಳಿಯ ಹಾಡಿಗೆ ಯಾಕಾಗಬಾರದು? ಸರಕು ಸಾಲದೇ? ಹಾಲಕ್ಕಿಯವರ ಪದ, ತುಳುವಿನ ಪಾಡ್ದನ, ಮಾದಪ್ಪನ ಕಂಸಾಳೆ, ಮಂಟೇಸ್ವಾಮಿಯ ನೀಲಗಾರರು, ಚೌಡಿಕೆ, ಗೀಗಿ, ಬುರ್ರಕಥೆ, ನಾಟಿಯ ಪದ, ಕೋಲಾಟದ ಪದ. ಮಹದೇಶ್ವರನ ಕಾವ್ಯವನ್ನೇ ರಾತ್ರಿಗಟ್ಟಲೆ ಹಾಡುತ್ತಾರೆ. ವರ್ಷವಿಡೀ ಹಾಡಿಸಿದರೂ ಕಣಜ ಬರಿದಾಗದು.

ಇದೇನು ಹುಚ್ಚು ಆಸೆ ಎನ್ನಬೇಡಿ. ಅಮೆರಿಕದ ನ್ಯಾಶ್‌ವಿಲ್ ಊರಿನಲ್ಲಿ ಡಬ್ಲ್ಯುಎಸ್‌ಎಂ ಎಂಬ ಕೇಂದ್ರವಿದೆ. 1925ರಲ್ಲಿ ಅದನ್ನು ಶುರುಮಾಡಿದ್ದು ಒಂದು ಇನ್ಶೂರೆನ್ಸ್ ಕಂಪನಿ. ಅದೇ ವರ್ಷದ ನವೆಂಬರಿನಲ್ಲಿ ಒಂದು ಶನಿವಾರ ರಾತ್ರಿ ಒಬ್ಬ ಮುದುಕ ಪಿಟೀಲುಗಾರನನ್ನು ಕೂರಿಸಿ ಹಳ್ಳಿಗರ ಹಾಡು ನುಡಿಸಿದರು. ಊರಿನ ದೊಡ್ಡವರು ಮೂಗು ಮುರಿದರು, ಹಳ್ಳಿಯವರು ಕಿವಿಗೊಟ್ಟರು. ಗ್ರ್ಯಾಂಡ್ ಓಲ್ ಆಪ್ರಿ ಎಂದು ಹೆಸರಾದ ಆ ಶನಿವಾರದ ಕಾರ್ಯಕ್ರಮಕ್ಕೆ 2025ಕ್ಕೆ ನೂರು ತುಂಬಿತು. ಅವರು ಅದನ್ನು ಕಂಟ್ರಿ ಮ್ಯೂಸಿಕ್ ಎನ್ನುತ್ತಾರೆ, ನಮ್ಮ ಮಾತಿನಲ್ಲಿ ಹಳ್ಳಿಹಾಡು, ಅಷ್ಟೇ. ನಮ್ಮ ಪೀಣ್ಯದ ಹುಡುಗರ ಅಂಗಿಯ ಮೇಲೆ ಆ ಗಿಟಾರಿನ ಚಿತ್ರವಿರುತ್ತದೆ. ಏಕತಾರಿಯ ಚಿತ್ರವಿರುವ ಅಂಗಿ ನಾನಂತೂ ಕಂಡಿಲ್ಲ.

ನನ್ನ ಮಗಳು ಅಂಗಡಿಯ ಹುಡುಗನ ಪಕ್ಷ. "ಅಮ್ಮಾ, ಯೂಟ್ಯೂಬಿನಲ್ಲಿ ಜಾನಪದ ಅಂತ ಹೊಡೆದು ನೋಡು, ಲಕ್ಷಗಟ್ಟಲೆ ಜನ ಕೇಳ್ತಿದ್ದಾರೆ" ಎಂದಳು. ನೋಡಿದೆ. ಉತ್ತರ ಕರ್ನಾಟಕದ ಹುಡುಗರು ತಾವೇ ಕಟ್ಟಿ, ತಾವೇ ಹಾಡಿ, ಟ್ರ್ಯಾಕ್ಟರಿನ ಮುಂದೆ ಕುಣಿದು ಹಾಕಿದ್ದಾರೆ. ಕೆಲವನ್ನು ಕೇಳಿ ಕಿವಿ ಮುಚ್ಚಿಕೊಂಡೆ, ಹೆಣ್ಣುಮಕ್ಕಳ ಮೇಲೆ ಅವರು ಆಡುವ ಮಾತು ಸಹಿಸುವಂಥದ್ದಲ್ಲ. ಆದರೂ ಒಂದು ವಿಷಯಕ್ಕೆ ಅವರನ್ನು ಮೆಚ್ಚಿದೆ. ಹಾಡಿದವನ ಹೆಸರು, ಬರೆದವನ ಹೆಸರು, ಊರಿನ ಹೆಸರು, ಫೋನು ನಂಬರು ಸಮೇತ ಪರದೆಯ ಮೇಲೆ ಹಾಕುತ್ತಾರೆ. ಯಾರೂ ಸಂಗಡಿಗರಲ್ಲ. ಆದರೆ ಯೂಟ್ಯೂಬಿನಲ್ಲಿ ಹುಡುಕಬೇಕಾದರೆ ಹೆಸರು ಗೊತ್ತಿರಬೇಕು. ಹೆಸರೇ ಉಳಿಸದ ಹೆಂಗಸರನ್ನು ಏನೆಂದು ಹುಡುಕಲಿ? ರೇಡಿಯೋ ಹಾಗಲ್ಲ. ಕೈಯಲ್ಲಿ ಹಿಟ್ಟಿದ್ದಾಗ, ನಾವು ಕೇಳದೆಯೇ, ಗೊತ್ತಿಲ್ಲದ ಊರಿನ ಗೊತ್ತಿಲ್ಲದ ಹಾಡನ್ನು ತಂದು ಒಲೆಯ ಮುಂದೆ ಇಡುತ್ತದೆ.

ಹೆಸರು ಉಳಿಸಿಕೊಂಡವರೂ ಇದ್ದಾರೆ. ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡಾಗ ಪತ್ರಿಕೆಗಳು ಬರೆದವು. ಬುರ್ರಕಥೆಯ ದರೋಜಿ ಈರಮ್ಮ 2014ರಲ್ಲಿ ಹೋದರು. ಈ ತಾಯಂದಿರ ಫೋಟೋ ನಮ್ಮ ಶಾಲೆಯ ಗೋಡೆಯ ಮೇಲೂ ಇದೆ. ಸುಕ್ರಜ್ಜಿಯ ಒಂದು ಹಾಡನ್ನಾದರೂ ಕೇಳಿದವರು ಕೈ ಎತ್ತಿ ಎಂದು ಶಿಕ್ಷಕಿಯರ ಕೊಠಡಿಯಲ್ಲಿ ಕೇಳಿದೆ. ಹನ್ನೊಂದು ಜನರಲ್ಲಿ ಒಂದು ಕೈಯೂ ಏಳಲಿಲ್ಲ. ಪ್ರಶಸ್ತಿಗೆ ಹಾರ, ಹಾಡಿಗೆ ಬಾಗಿಲು ಹೊರಗೆ.

ನಮ್ಮ ಶಾಲೆಯ ಅರ್ಧ ಮಕ್ಕಳು ಕಲಬುರಗಿ, ಯಾದಗಿರಿ, ರಾಯಚೂರಿನ ಕಡೆಯವರು. ಅಪ್ಪ ಕಟ್ಟಡದ ಕೆಲಸ, ಅವ್ವ ಗಾರ್ಮೆಂಟ್ಸು. ಎಂಟನೇ ತರಗತಿಯ ಒಂದು ಹುಡುಗಿ ತನ್ನ ಅಜ್ಜಿಯಿಂದ ಕಲಿತ ಸೋಬಾನೆಯನ್ನು ಒಂದು ಸ್ಪರ್ಧೆಯಲ್ಲಿ ಹಾಡಿದಳು. ನನ್ನ ರೋಮ ನಿಂತಿತು. ತೀರ್ಪುಗಾರರು, ಶ್ರುತಿಯಿಲ್ಲ, ವೇಷಭೂಷಣವಿಲ್ಲ ಎಂದರು. ಕ್ಯಾಸೆಟ್ಟಿನ ಕಾಲದ ಒಂದು ಹೆಸರಾಂತ ಗೀತೆಯನ್ನು ಹಿನ್ನೆಲೆ ಸಂಗೀತ ಹಾಕಿಕೊಂಡು, ಇಳಕಲ್ ಸೀರೆ ಬಾಡಿಗೆಗೆ ತಂದು ಹಾಡಿದವಳಿಗೆ ಬಹುಮಾನ ಹೋಯಿತು. ಬಹುಮಾನ ಬಂದ ಮಗುವಿನ ತಪ್ಪೇನಿಲ್ಲ. ಆದರೆ ನಮ್ಮ ಹುಡುಗಿ ವಾಪಸು ಬರುವಾಗ ಬಸ್ಸಿನಲ್ಲಿ ನನ್ನನ್ನು ಕೇಳಿದಳು: "ಮಿಸ್, ನಮ್ ಆಯಿಗೆ ಹಾಡಾಕ ಬರಂಗಿಲ್ಲೇನ್ರೀ?" ಜಾಲಹಳ್ಳಿ ಕ್ರಾಸು ಬರುವವರೆಗೂ ನನಗೆ ಉತ್ತರ ಹೊಳೆಯಲಿಲ್ಲ.

ಅದಾದ ಮೇಲೆ ನಾನು ಅವ್ವನ ಧ್ವನಿಮುದ್ರಣಕ್ಕಾಗಿ ಆ ಹಳೆಯ ಕೇಂದ್ರಕ್ಕೆ ಪತ್ರ ಬರೆದೆ. ಅವ್ವ ಹೋಗಿ ಆಗಲೇ ಆರು ವರ್ಷ. ಎರಡು ಜ್ಞಾಪನ ಪತ್ರಗಳ ನಂತರ ಉತ್ತರ ಬಂತು. ಆ ಕಾಲದ ಟೇಪುಗಳನ್ನು ಅಳಿಸಿ ಮತ್ತೆ ಬಳಸುತ್ತಿದ್ದರಂತೆ, ಆದ್ದರಿಂದ ಲಭ್ಯವಿಲ್ಲ. ಅವ್ವನ ದನಿಯ ಮೇಲೆ ಯಾವ ದನಿ ಕೂತಿದೆಯೋ. ಟೇಪಿಗೆ ಬರ ಇದ್ದ ಕಾಲ, ಒಪ್ಪುತ್ತೇನೆ. ಆದರೆ ಯಾವುದನ್ನು ಅಳಿಸಬೇಕು ಎಂದು ಕೈ ಹಾಕಿದಾಗ ಮೊದಲು ಸಿಕ್ಕಿದ್ದು ಇಂಥದೇ ಟೇಪು ಎಂಬುದು ನನ್ನ ಅನುಮಾನ. ದೊಡ್ಡ ಹೆಸರಿದ್ದ ಡಬ್ಬಿಯನ್ನು ಯಾರು ಅಳಿಸುತ್ತಾರೆ?

ಅಳಿಸದೆ ಉಳಿದವು ಎಲ್ಲ ಕೇಂದ್ರಗಳಲ್ಲೂ ಇವೆ. ನಾನು ಕೇಳುವುದು ದೊಡ್ಡದೇನಲ್ಲ. ಆ ಡಬ್ಬಿಗಳನ್ನು ತೆಗೆಯಿರಿ, ಯಾವ ಊರಿನಲ್ಲಿ, ಯಾವ ಹೆಂಗಸರು ಹಾಡಿದ್ದು ಎಂದು ಆ ಊರಿಗೇ ಹೋಗಿ ಕೇಳಿಕೊಂಡು ಬನ್ನಿ, 'ಮತ್ತು ಸಂಗಡಿಗರು' ಎಂದಿರುವ ಕಡೆ ಐದೋ ಆರೋ ಹೆಸರು ಬರೆಯಿರಿ. ರಾಗಂ ಇರುವ ಹಾಗೆ ಇದಕ್ಕೂ ಒಂದು ವಾಹಿನಿ ಕೊಡಿ. ಕಲ್ಲಿನ ಸದ್ದು, ಬಳೆಯ ಸದ್ದು ಇದ್ದರೆ ಇರಲಿ ಬಿಡಿ. ಇದನ್ನೇ ಬರೆದು ರಾಜಭವನ ರಸ್ತೆಯ ಆಕಾಶವಾಣಿಗೆ ಕಳಿಸಲು ಒಂದು ಪತ್ರ ಸಿದ್ಧಮಾಡಿದ್ದೇನೆ. ನಮ್ಮ ಬೀದಿಯ ಹೆಂಗಸರ ಸಹಿ ಕೇಳಲು ಹೋದರೆ ಎದುರು ಮನೆಯವರು, "ಇದರಿಂದ ನಮಗೇನು ಮೇಡಂ?" ಎಂದರು. ನಿಮ್ಮ ತಾಯಿ ಏನು ಹಾಡುತ್ತಿದ್ದರು ಎಂದು ಕೇಳಿದೆ. ಒಳಗೆ ಕುಕ್ಕರು ಕೂಗುತ್ತಿತ್ತು. ಅವರು ಹೋಗಿ ಅದನ್ನು ಇಳಿಸಿ ಬಂದು, ಹೊಸಿಲ ಮೇಲೇ ಕೂತು, ನಾಲ್ಕು ಸೊಲ್ಲು ಹೇಳಿದರು, ಐದನೆಯದು ನೆನಪಾಗಲಿಲ್ಲ. ಆಮೇಲೆ ಸಹಿ ಹಾಕಿದರು. ಇಪ್ಪತ್ತೆರಡು ಸಹಿಗಳಾಗಿವೆ.

ಅವ್ವನ ಜೊತೆ ಹಾಡಿದ ನಾಲ್ವರಲ್ಲಿ ಇಬ್ಬರು ಬದುಕಿದ್ದಾರೆ. ಅವರನ್ನು ಕೇಳದೆ ಅವರ ಹೆಸರನ್ನು ಅಚ್ಚುಹಾಕಿಸಲು ನನಗೆ ಮನಸ್ಸಿಲ್ಲ. ಅವ್ವನ ಹೆಸರನ್ನಾದರೂ ಇಲ್ಲಿ ಬರೆಯೋಣವೆಂದರೆ, ಅವಳೊಬ್ಬಳದನ್ನೇ ಬರೆದರೆ ಉಳಿದವರು ಮತ್ತೆ ಸಂಗಡಿಗರಾಗಿಬಿಡುತ್ತಾರೆ. ಬರುವ ದಸರೆ ರಜೆಗೆ ಊರಿಗೆ ಹೋಗುತ್ತೇನೆ. ಮಗಳು ಫೋನಿನಲ್ಲಿ ಮುದ್ರಿಸುವುದನ್ನು ಹೇಳಿಕೊಟ್ಟಿದ್ದಾಳೆ. ಬೀಸುವ ಕಲ್ಲು ನಮ್ಮ ಹಿತ್ತಲಲ್ಲೇ ಬಿದ್ದಿದೆ, ಗೂಟ ಮುರಿದಿದೆಯಂತೆ, ಹೊಸದು ಹಾಕಿಸಬೇಕು.